ಈ ಸ್ಟೆಪ್ನಿಯನ್ನು ಎಲ್ಲಿ ನೇತುಹಾಕಲಿ?

ಜನವರಿಯಲ್ಲಿ ರೊಬಸ್ಟಾ ಕೊಯ್ಲು ಜೋರಾಗಿದ್ದಾಗ ನಮ್ಮ ಜೀಪಿನ ಹಿಂದಿನ ಡೋರು ಕೈಗೇ ಬಂತು. ತಮಾಷೆಗೆ ಹೇಳುತ್ತಿಲ್ಲ. ಕಣದ ಹತ್ತಿರ ಮೂಟೆ ಇಳಿಸೋಣ ಅಂತ ಕೊಂಡಿ ತೆಗೆದೆ. ಬಲಗಡೆಯ ಕೀಲು ತಗಡಿನ ಸಮೇತ ಕಿತ್ತುಕೊಂಡು ಬಂತು. ಡೋರಿನ ಮೇಲಿದ್ದ ಸ್ಟೆಪ್ನಿ ಒಂದು ಕಡೆ ಜೋತುಬಿದ್ದು, ಎಡಗಡೆ ಕೀಲು ಕಿರ್ ಅಂದಿತು. ಅಷ್ಟರಲ್ಲಿ ತೋಟದ ಲೆಕ್ಕ ನೋಡುವ ರೈಟರು ಓಡಿಬಂದು ಚಕ್ರಕ್ಕೆ ಭುಜ ಕೊಟ್ಟರು, ಕಾಲು ಉಳಿಯಿತು.

ಅಪ್ಪ ಕಣದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಅಂದಿದ್ದರೆ ಒಂದು ಜಗಳ ಆಡಿ ಮುಗಿಸಬಹುದಿತ್ತು. ಸುಮ್ನೆ ಮುಖ ಆ ಕಡೆ ತಿರುಗಿಸಿ, ಹರಡಿದ್ದ ಕಾಫಿಯನ್ನು ಕಾಲಲ್ಲಿ ಕೆದಕುತ್ತಾ ಕೂತರು.

ಅವರು ಹೇಳಿದ್ದು ನಿಜ. ನಮ್ಮದು 1991ರ ಮಹೀಂದ್ರ ಎಂಎಂ 540. ಪೆಜೊ ಡೀಸೆಲ್ ಎಂಜಿನ್, 2.1 ಲೀಟರ್, ಹೊಸದಿದ್ದಾಗ 62 ಎಚ್‌ಪಿ. ಈಗ ಎಷ್ಟು ಕುದುರೆ ಉಳಿದಿವೆಯೋ, ನಾನು ಎಣಿಸಲು ಹೋಗಿಲ್ಲ. ಅಪ್ಪ ಇದನ್ನು ಸೆಕೆಂಡ್ ಹ್ಯಾಂಡ್ ತಂದಾಗಲೇ ಸ್ಟೆಪ್ನಿ ಡೋರಿನ ಮೇಲಿತ್ತು. ಆದರೆ ಅದು ಸಪೂರ 6.00-16 ಟೈರು. ಎರಡು ವರ್ಷದ ಹಿಂದೆ ನಾನು ಗತ್ತಿಗೆ ಬಿದ್ದು ಐದೂ ಚಕ್ರಕ್ಕೆ ಅಗಲದ ರಿಮ್ಮು, 235/75 ಆರ್ 15 ಮಡ್ ಟೈರು ಹಾಕಿಸಿದೆ. "ಡೋರು ತಡೆಯಲ್ಲ ಪುಟ್ಟಿ" ಅಂತ ಅಪ್ಪ ಅವತ್ತೇ ಹೇಳಿದ್ದರು.

ಡೋರು ಬಿದ್ದ ದಿನ ಸಂಜೆ, ಕಾಫಿ ತೂಗುವ ತಕ್ಕಡಿಯ ಮೇಲೆ ಎರಡೂ ಚಕ್ರ ಇಟ್ಟು ನೋಡಿದೆ. ಹಳೆಯದು 23 ಕೆಜಿ. ಹೊಸದು 29 ಕೆಜಿ. ಆರು ಕೆಜಿ ಏನು ಮಹಾ ಅನ್ನಿಸುತ್ತೆ, ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಹೊಸ ಚಕ್ರ ಅಗಲ. ಅದರ ಭಾರ ಡೋರಿನಿಂದ ನಾಲ್ಕು ಬೆರಳು ಆಚೆಗೆ ಹೋಗಿ ನಿಂತಿತ್ತು. ಕೊಡ ನೀರನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಅದರ ಮೇಲೆ ತೋಟದ ದಾರಿಯ ಕುಲುಕು. ಪ್ರತಿ ಕುಲುಕಿಗೂ ಆ ತೆಳು ತಗಡು ಸ್ವಲ್ಪ ಬಾಗಿ ವಾಪಸ್ ಬರುತ್ತದೆ. ತಂತಿಯನ್ನು ಹತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿದರೆ ಏನಾಗುತ್ತದೋ ಅದೇ ಆಯಿತು.

ಸರಿ, ಈಗ ಸ್ಟೆಪ್ನಿಯನ್ನು ಎಲ್ಲಿ ಇಡುವುದು?

ಈ ಪ್ರಶ್ನೆ ಜೀಪಿನಷ್ಟೇ ಹಳೆಯದು ಅಂತ ಆಮೇಲೆ ಗೊತ್ತಾಯಿತು. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿಗೆ ಹಿಂದೆ ಡೋರೇ ಇರಲಿಲ್ಲ. ಹಿಂಬದಿ ಪೂರ್ತಿ ಮುಚ್ಚಿದ ತಗಡು, ಅದರ ಮೇಲೆ ಒಂದು ಕಡೆ ಸ್ಟೆಪ್ನಿ, ಪಕ್ಕದಲ್ಲಿ ಪೆಟ್ರೋಲ್ ಕ್ಯಾನು. ಸೈನಿಕರು ಪಕ್ಕದಿಂದ ಹಾರಿ ಕೂರುತ್ತಿದ್ದರು, ಮೂಟೆ ಹೊರುವ ಕೆಲಸ ಅವರಿಗೆಲ್ಲಿತ್ತು. 1945ರಲ್ಲಿ ಅದೇ ಜೀಪನ್ನು ರೈತರಿಗೆ ಅಂತ ಸಿಜೆ-2ಎ ಮಾಡಿದಾಗ ಹಿಂದೆ ಇಳಿಬಿಡುವ ಡೋರು ಕೊಟ್ಟರು. ಡೋರು ಬಂದ ಕೂಡಲೇ ಸ್ಟೆಪ್ನಿಗೆ ಜಾಗ ಇಲ್ಲದಾಯಿತು, ಅದನ್ನು ಪಕ್ಕಕ್ಕೆ ತಗುಲಿಸಿದರು. ಅಂದರೆ ಡೋರು ಮತ್ತು ಸ್ಟೆಪ್ನಿ ಸವತಿಯರ ಹಾಗೆ. ಮೊದಲಿಂದಲೂ ಒಂದೇ ಜಾಗಕ್ಕೆ ಕಿತ್ತಾಟ.

ಸ್ಟೆಪ್ನಿ ಅನ್ನುವ ಹೆಸರಿನ ಕಥೆಯೂ ಚೆನ್ನಾಗಿದೆ. ವೇಲ್ಸ್‌ನ ಲ್ಯಾನೆಲಿ ಅನ್ನುವ ಊರಿನ ಸ್ಟೆಪ್ನಿ ಸ್ಟ್ರೀಟ್‌ನಲ್ಲಿ 1904ರಲ್ಲಿ ಡೇವಿಸ್ ಅಣ್ಣತಮ್ಮಂದಿರು ಒಂದು ಬದಲಿ ಚಕ್ರ ಮಾಡಿದರು. ಆಗ ಕಾರುಗಳ ಜೊತೆ ಇನ್ನೊಂದು ಚಕ್ರ ಬರುತ್ತಿರಲಿಲ್ಲ. ಪಂಕ್ಚರ್ ಆದ ಚಕ್ರದ ಮೇಲೇ ಇವರ ರಿಮ್ಮನ್ನು ಕಚ್ಚಿಸಿ ಓಡಿಸುವುದು. ಇಂಗ್ಲಿಷಿನವರು ಆ ಹೆಸರನ್ನು ಯಾವತ್ತೋ ಮರೆತರು. ನಾವು ಕೊಟ್ಟಿಗೆಹಾರದ ಪಂಕ್ಚರ್ ಅಂಗಡಿಯಲ್ಲಿ ಇವತ್ತಿಗೂ ಹೇಳುತ್ತೇವೆ.

ಇರಲಿ, ವಿಷಯಕ್ಕೆ ಬರುತ್ತೇನೆ.

ಮೊದಲು ಯೋಚಿಸಿದ್ದು ಪಕ್ಕಕ್ಕೆ ತಗುಲಿಸುವುದನ್ನು. ಹಳೇ ಜೀಪುಗಳಲ್ಲಿ ನೀವೂ ನೋಡಿರುತ್ತೀರಿ. ನಮ್ಮ ತೋಟದ ದಾರಿ ಮಾತ್ರ ಜೀಪಿನ ಅಗಲಕ್ಕೆ ಅಳೆದು ಮಾಡಿದಂತಿದೆ. ಎರಡೂ ಕಡೆ ಕಾಫಿ ಗಿಡದ ರೆಕ್ಕೆಗಳು ಜೀಪನ್ನು ಸವರುತ್ತವೆ. ಅಲ್ಲಿ ಇನ್ನೊಂದು ಗೇಣು ಹೊರಗೆ ಚಾಚಿದ ಚಕ್ರ ಅಂದರೆ ಪ್ರತಿ ಸುತ್ತಿಗೂ ಒಂದಷ್ಟು ಕಾಯಿ ಉದುರಿಸಿಕೊಂಡು ಬರುವುದು. ಅದು ಬೇಡ ಅಂತ ಒಂದೇ ದಿನದಲ್ಲಿ ತೀರ್ಮಾನ ಆಯಿತು. ಹಳೇ ಲ್ಯಾಂಡ್ ರೋವರ್ ಥರ ಬಾನೆಟ್ ಮೇಲೆ ಇಡೋಣ ಅಂದವರೂ ಇದ್ದರು. ನಾನು ಐದು ಅಡಿ ಎರಡು ಇಂಚು. ಬಾನೆಟ್ ಮೇಲೆ ಚಕ್ರ ಇಟ್ಟರೆ ನನಗೆ ಕಾಣುವುದು ಚಕ್ರ ಮಾತ್ರ.

ಆಮೇಲೆ ಸ್ಟೆಪ್ನಿಯನ್ನೂ ಹೊರುವ ರೆಡಿಮೇಡ್ ಹಿಂದಿನ ಬಂಪರಿನ ಆಸೆ ಹತ್ತಿಕೊಂಡಿತು. ಒಪ್ಪಿಕೊಳ್ಳುತ್ತೇನೆ, ಒಂದು ತಿಂಗಳು ರಾತ್ರಿ ಹೊತ್ತು ಫೋನಿನಲ್ಲಿ ಅದೇ ಕೆಲಸ. ಹರಿಯಾಣದ ಮಂಡಿ ಡಬವಾಲಿ ಅಂತ ಒಂದು ಊರಿದೆ. ಜೀಪು ಬಿಚ್ಚಿ ಕಟ್ಟುವುದಕ್ಕೆ ದೇಶಕ್ಕೆಲ್ಲ ಹೆಸರು. ಅಲ್ಲಿಯ ಥರದ ಬಂಪರುಗಳ ಫೋಟೋ ನೋಡಿದರೆ ಹಸಿವು ನಿದ್ದೆ ಬರಲ್ಲ. 5 ಎಂಎಂ ಪ್ಲೇಟು, ಎರಡು ಕಡೆ ಕ್ಯಾನಿನ ಗೂಡು, ಎಲ್‌ಇಡಿ ಲೈಟು, ಸರಪಳಿ ಕಟ್ಟುವ ಕಿವಿ, ಸ್ಟೆಪ್ನಿ ಹೊತ್ತು ಗೇಟಿನ ಥರ ಬದಿಗೆ ತೆರೆಯುವ ಕಬ್ಬಿಣದ ಕೈ. ಮಸ್ಕತ್‌ನಲ್ಲಿರುವ ಭಾವನೂ ತುಪ್ಪ ಸುರಿದರು. ಅಲ್ಲಿ ಹಳೇ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40 ಇಟ್ಟುಕೊಂಡವರ ಪರಿಚಯ ಅವರಿಗೆ. ಆ ಗಾಡಿಗೆ ಕಂಪನಿಯಿಂದಲೇ ಬದಿಗೆ ತೆರೆಯುವ ಸ್ಟೆಪ್ನಿ ಕೈ ಬರುತ್ತಿತ್ತು. ಅದರ ಫೋಟೋ ಕಳಿಸಿ "ಹೀಗೆ ಮಾಡ್ಸು" ಅಂದರು. ದುಡ್ಡು ಕಳಿಸುವ ಮಾತು ಮಾತ್ರ ಆಡಲಿಲ್ಲ.

ಒಂದು ಅಂಗಡಿಯವರಿಗೆ ಫೋನು ಮಾಡಿ ತೂಕ ಕೇಳಿದೆ. ಅವರಿಗೆ ಆಶ್ಚರ್ಯ. ಬೆಲೆ ಕೇಳುವವರೇ ಎಲ್ಲ, ತೂಕ ಕೇಳುವವರು ಕಡಿಮೆ ಅಂತ ಕಾಣುತ್ತದೆ. "62 ಕೆಜಿ ಮೇಡಂ, ಹೆವಿ ಕ್ವಾಲಿಟಿ" ಅಂದರು. ಚಕ್ರ ಬಿಟ್ಟು.

ಕಾಗದದ ಮೇಲೆ ಲೆಕ್ಕ ಹಾಕಿದೆ. ಎಂಎಂ 540ರ ಎರಡು ಆಕ್ಸಲ್ ನಡುವಿನ ದೂರ 91 ಇಂಚು, ಅಂದರೆ 231 ಸೆಂಮೀ. ಹಿಂದಿನ ಆಕ್ಸಲ್‌ನಿಂದ ಬಂಪರ್ ಬರುವ ಜಾಗಕ್ಕೆ ಟೇಪು ಹಿಡಿದರೆ 80 ಸೆಂಮೀ. ಏತದ ಲೆಕ್ಕ ಇದು. ಹಿಂದೆ 62 ಕೆಜಿ ನೇತುಹಾಕಿದರೆ ಮುಂದಿನ ಚಕ್ರಗಳ ಮೇಲಿಂದ 21 ಕೆಜಿ ಎದ್ದುಹೋಗುತ್ತದೆ, ಹಿಂದಿನ ಪ್ಲೇಟು ಸೆಟ್ಟಿನ (ಸ್ಪ್ರಿಂಗಿನ) ಮೇಲೆ 83 ಕೆಜಿ ಕೂರುತ್ತದೆ. ಅದಕ್ಕೆ ಸ್ಟೆಪ್ನಿ ಸೇರಿಸಿ. ಅದರ ಮೇಲೆ ಐವತ್ತು ಕೆಜಿಯ ಮೂಟೆ ಆರು ಹೇರಿ. ಆಮೇಲೆ ನಮ್ಮ ಕೆರೆ ಏರಿಯ ಪಕ್ಕದ ಚಡಾವು ಹತ್ತಿ ನೋಡಿ. ಮುಂದಿನ ಚಕ್ರ ಮಣ್ಣನ್ನು ಕಚ್ಚುವುದಿಲ್ಲ, ಸ್ಟೇರಿಂಗು ಬೆಣ್ಣೆ ಥರ ತಿರುಗುತ್ತದೆ, ಜೀಪು ಮಾತ್ರ ನೇರ ಹೋಗುತ್ತಿರುತ್ತದೆ. ಮಳೆಗಾಲದಲ್ಲಿ ಒಂದು ಸಲ ಹಾಗಾಗಿತ್ತು, ಬಂಪರ್ ಇಲ್ಲದೆಯೇ.

ಇನ್ನೊಂದು ಅಳತೆ ಫೋಟೋದಲ್ಲಿ ಕಾಣುವುದಿಲ್ಲ. ಬಂಪರ್ ಎಷ್ಟು ಕೆಳಗೆ ಇಳಿದಿದೆ, ಎಷ್ಟು ಹಿಂದೆ ಚಾಚಿದೆ ಅನ್ನುವುದು. ತೋಟದೊಳಗೆ ನೀರು ಹಿಡಿಯಲು ತೆಗೆದ ತೊಟ್ಟಿಲುಗುಂಡಿ, ದಾರಿಗೆ ಅಡ್ಡ ತೆಗೆದ ಕಾಲುವೆ ಎಲ್ಲ ಇರುತ್ತವೆ. ಮುಂದಿನ ಚಕ್ರ ಇಳಿದು ಹತ್ತುತ್ತದೆ, ಹಿಂದಿನ ಚಕ್ರವೂ ಇಳಿಯುತ್ತದೆ, ಆಗ ಬಂಪರಿನ ತುದಿ ದಡಕ್ಕೆ ಗುದ್ದಲಿ ಥರ ನೆಟ್ಟುಕೊಳ್ಳುತ್ತದೆ. ಹಾಗಾಗಿ ನನ್ನ ಮೊದಲ ಷರತ್ತು: ಷಾಸಿಯ, ಅಂದರೆ ಬಾಡಿ ಹೊರುವ ಕಬ್ಬಿಣದ ಚೌಕಟ್ಟಿನ, ಹಿಂದಿನ ಅಡ್ಡಪಟ್ಟಿಗಿಂತ ಕೆಳಗೆ ಒಂದು ಇಂಚೂ ಇಳಿಯಬಾರದು.

ಕೊನೆಗೆ ಊರಿನ ವೆಲ್ಡಿಂಗ್ ಶೆಡ್ಡಿಗೆ ಹೋದೆ. ಬಣಕಲ್ ರಸ್ತೆಯಲ್ಲಿ ಗೇಟು, ಗ್ರಿಲ್ಲು, ಟ್ರಾಕ್ಟರ್ ಟ್ರೈಲರು ಮಾಡುವ ಮೇಸ್ತ್ರಿ. ನಾನು ಬರೆದ ಚಿತ್ರವನ್ನು ತಲೆಕೆಳಗೆ ಹಿಡಿದು ಐದು ನಿಮಿಷ ನೋಡಿದರು. ಆಮೇಲೆ ಚಿತ್ರ ಪಕ್ಕಕ್ಕಿಟ್ಟು ಸುತ್ತಿಗೆ ತಗೊಂಡು ಜೀಪಿನ ಕೆಳಗೆ ನುಸುಳಿದರು.

"ಅಕ್ಕಾ, ಮೊದ್ಲು ಸೌಂಡ್ ಕೇಳಿ."

ಷಾಸಿಯ ಮೇಲೆ ಒಂದೊಂದೇ ಗೇಣಿಗೆ ತಟ್ಟುತ್ತಾ ಬಂದರು. ಟಣ್, ಟಣ್, ಟಣ್. ಬಲಗಡೆಯ ಹಿಂದಿನ ಮೂಲೆಗೆ ಬಂದಾಗ ದಪ್. ಹಲಸಿನಕಾಯಿ ಬಲಿತಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ, ಹಾಗೆ. ಇನ್ನೊಂದು ಏಟಿಗೆ ತುಕ್ಕು ಪದರ ಪದರವಾಗಿ ಉದುರಿತು. ಅಡ್ಡಪಟ್ಟಿಯ ಒಳಮೂಲೆಯಲ್ಲಿ ಎಷ್ಟೋ ಮಳೆಗಾಲದ ಕೆಸರು ಕೂತು ಕಬ್ಬಿಣವನ್ನು ತಿಂದುಹಾಕಿತ್ತು. ಆ ಮೂಲೆಗೇ ನಾನು 62 ಕೆಜಿ ಬೋಲ್ಟು ಮಾಡಲು ಹೊರಟಿದ್ದೆ. ಹಳೇ ಜೀಪಿಗೆ ಬಂಪರ್ ಹುಡುಕುತ್ತಿರುವವರು ದಯವಿಟ್ಟು ಮೊದಲು ಒಂದು ಸುತ್ತಿಗೆ ತಗೊಂಡು ಕೆಳಗೆ ಮಲಗಿ. ಬಂಪರ್ ಎಷ್ಟೇ ಗಟ್ಟಿ ಇರಲಿ, ಅದು ನಿಲ್ಲುವುದು ಆ ಮೂವತ್ತು ವರ್ಷದ ಅಡ್ಡಪಟ್ಟಿಯ ಮೇಲೆ.

ತುಕ್ಕು ಹಿಡಿದ ಭಾಗ ಕತ್ತರಿಸಿ 4 ಎಂಎಂ ಪ್ಲೇಟು ಕೂರಿಸಿದ್ದಕ್ಕೇ ಒಂದು ದಿನ ಹೋಯಿತು. ಬ್ಯಾಟರಿ ವೈರು ಬಿಚ್ಚಿ, ಡೀಸೆಲ್ ಟ್ಯಾಂಕಿನ ಕಡೆಗೆ ಒದ್ದೆ ಗೋಣಿಚೀಲ ಹೊದಿಸಿಯೇ ವೆಲ್ಡಿಂಗ್ ಶುರು ಮಾಡಿದರು.

ಬಂಪರಿಗೆ ಏನು ಹಾಕುವುದು ಅಂತ ನಮ್ಮಿಬ್ಬರಿಗೂ ದೊಡ್ಡ ಚರ್ಚೆ ನಡೆಯಿತು. ನನಗೆ ನಾಲ್ಕೂ ಕಡೆ ಮುಚ್ಚಿದ ಚೌಕ ಪೈಪು ಬೇಕಿತ್ತು. ನೋಡಲು ಚೆಂದ, ತಿರುಚುವುದಕ್ಕೂ ಬಗ್ಗುವುದಿಲ್ಲ. ಮೇಸ್ತ್ರಿ ಒಪ್ಪಲಿಲ್ಲ. "ನಮ್ಮ ಮಳೆಗೆ ಮುಚ್ಚಿದ ಪೈಪು ಅಂದ್ರೆ ಒಳಗಿಂದ ಕೊಳೆಯೋ ಹಲ್ಲು ಇದ್ದ ಹಾಗೆ. ಹೊರಗೆ ಪೇಂಟು ಫಳಫಳ, ಒಳಗೆ ಏನೂ ಇರಲ್ಲ." ಅವರ ಆಯ್ಕೆ ನಾಲ್ಕು ಇಂಚಿನ ಚಾನಲ್, ಮೂರು ಕಡೆ ಮುಚ್ಚಿ ಒಂದು ಕಡೆ ಬಾಯಿ ತೆರೆದ ಕಬ್ಬಿಣ. ಮೀಟರಿಗೆ ಒಂಬತ್ತೂವರೆ ಕೆಜಿ ಬರುತ್ತದೆ. ನಮಗೆ ಬೇಕಾದ ನಾಲ್ಕು ಅಡಿಗೆ ಹನ್ನೊಂದೂವರೆ ಕೆಜಿ ಚಿಲ್ಲರೆ. ಬೆನ್ನು ಹಿಂದಕ್ಕೆ, ಬಾಯಿ ಷಾಸಿ ಕಡೆಗೆ. ಕೆಸರು ಬಿದ್ದರೆ ಪೈಪಿನ ನೀರು ಹಿಡಿದು ತೊಳೆಯಬಹುದು, ಕೈ ಹಾಕಿ ಪೇಂಟು ಬಳಿಯಬಹುದು.

ಆದರೆ ಬಾಯಿ ತೆರೆದ ಚಾನಲ್‌ಗೆ ಒಂದು ಕೆಟ್ಟ ಗುಣ ಇದೆ. ನೇರ ಭಾರ ಎಷ್ಟು ಬೇಕಾದರೂ ಹೊರುತ್ತದೆ, ತಿರುಚಿದರೆ ಮಾತ್ರ ಒದ್ದೆ ಬಟ್ಟೆ ಥರ ತಿರುಗುತ್ತದೆ. ಸ್ಟೆಪ್ನಿ ಕೈಯ ಕೀಲು ಬರುವುದು ಬಂಪರಿನ ತುದಿಯಲ್ಲಿ. ಕೈ ಪೂರ್ತಿ ತೆರೆದಾಗ 29 ಕೆಜಿ ಚಕ್ರ ಜೀಪಿನ ಹಿಂದೆ ಗಾಳಿಯಲ್ಲಿ ನಿಂತು ಆ ತುದಿಯನ್ನೇ ತಿರುಚುತ್ತದೆ. ಇಲ್ಲಿ ಇಬ್ಬರ ಮಾತೂ ಸೇರಿತು. ಬಲ ತುದಿಯ ಒಂದು ಅಡಿ ಮಾತ್ರ 5 ಎಂಎಂ ಪ್ಲೇಟಿನಿಂದ ಬಾಯಿ ಮುಚ್ಚಿದೆವು, ಕೆಳಗೆ ನೀರು ಹೋಗಲು ಎರಡು ತೂತು ಬಿಟ್ಟು. ಕೀಲಿನ ಕೊಳವೆಯನ್ನು ಚಾನಲ್ ಮೇಲೆ ಸುಮ್ನೆ ನಿಲ್ಲಿಸಿ ವೆಲ್ಡ್ ಮಾಡದೆ, ಮೇಲಿನ ಅಂಚು ಕೆಳಗಿನ ಅಂಚು ಎರಡನ್ನೂ ತೂರಿಸಿ ಎರಡು ಕಡೆ ಕಚ್ಚಿಸಿದೆವು. ತುದಿಯಿಂದ ಮುಂದಕ್ಕೆ, ಷಾಸಿಗೆ ಒಂದು ಓರೆ ಪಟ್ಟಿ. ಷಾಸಿಗೆ ಹೋದದ್ದೆಲ್ಲ 12 ಎಂಎಂ, 8.8 ಗ್ರೇಡಿನ ಬೋಲ್ಟು. ಒಳಗಡೆ ಅಂಗೈ ಅಗಲದ ಪ್ಲೇಟು ಕೊಟ್ಟು ಬಿಗಿದದ್ದು.

ಕೀಲು ಎಡಕ್ಕೋ ಬಲಕ್ಕೋ? ಇದಕ್ಕೆ ನಾನು ಅಮೆರಿಕದ ಫೋಟೋ ನೋಡಿ ಎಡಕ್ಕೆ ಬರೆದಿದ್ದೆ. ಅಪ್ಪ ಚಿತ್ರ ನೋಡಿ ಒಂದೇ ಮಾತು ಕೇಳಿದರು. "ಮೂಡಿಗೆರೆಯಲ್ಲಿ ನೀನು ಜೀಪು ಯಾವ ಕಡೆ ನಿಲ್ಲಿಸ್ತೀಯ?" ರಸ್ತೆಯ ಎಡಕ್ಕೆ. ಸಾಮಾನು ಬರುವುದು ಎಡಗಡೆ ಅಂಗಡಿಯಿಂದ. ಕೀಲು ಎಡಕ್ಕಿದ್ದರೆ ತೆರೆದ ಕೈ, ಚಕ್ರ ಎರಡೂ ನಮಗೂ ಅಂಗಡಿಗೂ ನಡುವೆ ಗೋಡೆ ಥರ ನಿಲ್ಲುತ್ತವೆ. ನಾವು ರಸ್ತೆ ಮಧ್ಯದಿಂದ ಸುತ್ತಿಬರಬೇಕು. ಕೀಲು ಬಲಕ್ಕೆ ಹೋಯಿತು. ನಾನು ಒಂದು ತಿಂಗಳು ಓದಿದ್ದರಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಕೀಲಿನ ಒಳಗೆ ಏನು ಹಾಕಬೇಕು ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ತಡೆದುಕೊಳ್ಳಿ. ಗೇಟಿಗೆ ಹಾಕುವ ಥರ ಪೈಪಿನೊಳಗೆ ಸರಳು ಹಾಕಿದರೆ ಆರು ತಿಂಗಳಲ್ಲಿ ಸವೆದು, ಕೈ ಕೆಳಗೆ ಜೋಲುತ್ತದೆ. ಜೋತ ಕೈ ಕೊಂಡಿಗೆ ಸೇರುವುದಿಲ್ಲ, ದಿನಾ ಮೊಣಕಾಲು ಕೊಟ್ಟು ಎತ್ತಿ ಹಾಕಬೇಕು. ಗನ್‌ಮೆಟಲ್ ಬುಷ್ ಹಾಕಬಹುದು, ಅದು ಪರವಾಗಿಲ್ಲ. ನಾವು ಚಿಕ್ಕಮಗಳೂರಿನ ಲೇತಿನಲ್ಲಿ 30 ಎಂಎಂನ ಇಎನ್ 8 ಉಕ್ಕಿನ ಶಾಫ್ಟು ಕಡೆಸಿ, ಎರಡು ಟೇಪರ್ ಬೇರಿಂಗು ಕೂರಿಸಿದೆವು. ನಂಬರ್ 30206, ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಒಂದು ಮೇಲ್ಮುಖ, ಒಂದು ಕೆಳಮುಖ, ಗಾಡಿಯ ಚಕ್ರದ ಹಬ್‌ನಲ್ಲಿ ಇರುವ ಹಾಗೇ. ಸವೆದಷ್ಟೂ ಮೇಲಿನ ನಟ್ಟು ತಿರುಗಿಸಿ ಬಿಗಿ ಮಾಡಿಕೊಳ್ಳಬಹುದು. ಗ್ರೀಸ್ ನಿಪ್ಪಲ್ಲು ಒಂದು, ಆಯಿಲ್ ಸೀಲು ಒಂದು. ಎಲ್ಲದರ ಮೇಲೆ ಮಳೆ ನೀರು ಇಳಿಯದ ಹಾಗೆ ಒಂದು ಟೋಪಿ. ಟೋಪಿ ಮಾಡಿದ್ದು ಮನೆಯಲ್ಲಿದ್ದ ಹಳೇ ಸ್ಟೀಲ್ ಲೋಟದಿಂದ. ಅಮ್ಮನಿಗೆ ಇನ್ನೂ ಗೊತ್ತಿಲ್ಲ.

ಚಕ್ರವನ್ನು ಕೀಲಿಗೆ ಹತ್ತಿರ ತಂದಷ್ಟೂ ಕೀಲಿಗೆ ಸುಖ. ಆದರೆ ಹತ್ತಿರ ತಂದರೆ ಬಲಗಡೆಯ ಹಿಂದೀಪ ಮುಚ್ಚಿಹೋಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಜುಲೈ ತಿಂಗಳ ಮಂಜಿನಲ್ಲಿ ಹಿಂದೆ ಬರುವ ಬಸ್ಸಿಗೆ ನಾನು ಕಾಣುವುದು ಆ ಎರಡು ಕೆಂಪು ಚುಕ್ಕಿಗಳಿಂದ. ಚಕ್ರದ ಅರ್ಧ ವ್ಯಾಸ 37 ಸೆಂಮೀ ಬರುತ್ತದೆ. ಮಧ್ಯವನ್ನು ಕೀಲಿನಿಂದ 52 ಸೆಂಮೀಗೆ ಇಟ್ಟೆವು, ದೀಪಕ್ಕೆ 15 ಸೆಂಮೀ ಜಾಗ ಉಳಿಯಿತು. ನಂಬರ್ ಪ್ಲೇಟು ಎಡಕ್ಕೆ ಸರಿಯಿತು, ಅದಕ್ಕೊಂದು ಪುಟ್ಟ ದೀಪ. ಬಂಪರ್ ಬಾಡಿಯ ಅಗಲ ಮೀರಿಲ್ಲ, ಬೋಲ್ಟು ಬಿಚ್ಚಿದರೆ ಪೂರ್ತಿ ಕಳಚಿ ಬರುತ್ತದೆ. ಇದಕ್ಕೆ ಕಾರಣ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. ಹದಿನೈದು ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಲು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. ಫೋಟೋದ ಬಂಪರ್‌ಗಳಂಥ ಕೊಂಬು ಕೋರೆ ಇಟ್ಟುಕೊಂಡು ಅಲ್ಲಿ ಹೋಗಿ ನಿಲ್ಲುವ ಧೈರ್ಯ ನನಗಿಲ್ಲ.

ಕೊಂಡಿಯ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡುವವಳಿದ್ದೆ. ಕೈಯ ಇನ್ನೊಂದು ತುದಿಯನ್ನು ಬಾಡಿಯ ಎಡ ಮೂಲೆಗೆ ಸಿಕ್ಕಿಸೋಣ ಅಂದುಕೊಂಡಿದ್ದೆ. ಹತ್ತಿರ, ಸುಲಭ. ಮೇಸ್ತ್ರಿ ಜೀಪಿನ ಒಂದು ಹಿಂದಿನ ಚಕ್ರವನ್ನು ಜಾಕಿನಲ್ಲಿ ಒಂದು ಅಡಿ ಎತ್ತಿ ತೋರಿಸಿದರು. ಷಾಸಿ ಒಂದು ಕಡೆ ತಿರುಚಿಕೊಂಡಿತು, ರಬ್ಬರ್ ಮೇಲೆ ಕೂತ ಬಾಡಿ ಅದರ ಜೊತೆ ಪೂರ್ತಿ ಹೋಗಲಿಲ್ಲ. ಇವೆರಡರ ನಡುವೆ ಬೆರಳು ಹೋಗುವಷ್ಟು ಸಂದು ಹೆಚ್ಚುಕಮ್ಮಿ ಆಯಿತು. ಒಂದು ತುದಿ ಷಾಸಿಗೆ, ಇನ್ನೊಂದು ತುದಿ ಬಾಡಿಗೆ ಕಟ್ಟಿದರೆ ಪ್ರತಿ ಗುಂಡಿಯಲ್ಲೂ ಎರಡೂ ಹಗ್ಗಜಗ್ಗಾಟ ಆಡುತ್ತವೆ. ಗೆಲ್ಲುವುದು ಷಾಸಿ, ಹರಿಯುವುದು ತಗಡು. ಹಾಗಾಗಿ ಕೊಂಡಿಯೂ ಬಂಪರಿಗೇ. ಬಾಡಿಗೂ ಸ್ಟೆಪ್ನಿಗೂ ಈಗ ಏನೂ ಸಂಬಂಧವಿಲ್ಲ.

ಕೊಂಡಿ ಅಂತ ಬೆಂಗಳೂರಿನ ಎಸ್‌ಜೆಪಿ ರೋಡಿನಿಂದ ತಂದ ಟಾಗಲ್ ಕ್ಲಾಂಪು ಹಾಕಿದ್ದೇವೆ, ಎಳೆದು ಒತ್ತಿದರೆ ಕಚ್ಚಿಕೊಳ್ಳುವಂಥದ್ದು. ಅದೊಂದನ್ನೇ ನಂಬಿಲ್ಲ. ಜೊತೆಗೆ ಟ್ರಾಕ್ಟರ್ ಅಂಗಡಿಯ ಲಿಂಚ್ ಪಿನ್ನು, ಮೂವತ್ತು ರೂಪಾಯಿಯದ್ದು. ಇವೆರಡಕ್ಕಿಂತ ಮುಖ್ಯವಾದದ್ದು ಕೈ ಬಂದು ಕೂರುವ ಒಂದು ಪುಟ್ಟ ಇಳಿಜಾರು ಪೀಠ. ಮುಚ್ಚುವಾಗ ಕೈ ಆ ಇಳಿಜಾರಿನ ಮೇಲೆ ಹತ್ತಿ ಎರಡು ಎಂಎಂ ಎದ್ದು ಕೂರುತ್ತದೆ. ಭಾರದ ಒಂದು ಪಾಲು ಪೀಠಕ್ಕೆ ಹೋಗುತ್ತದೆ, ಓಡುವಾಗ ಕೀಲಿನ ಮೇಲೆ ಪೂರ್ತಿ ಬೀಳುವುದಿಲ್ಲ. ಕಟಕಟ ಸದ್ದೂ ಇಲ್ಲ. ಪೀಠದ ಮೇಲೆ ಹಳೇ ಲಾರಿ ಟ್ಯೂಬಿನ ತುಂಡು ಅಂಟಿಸಿದ್ದೇನೆ.

ಎಲ್ಲ ಸೇರಿ ಬಂಪರ್ ಮತ್ತು ಕೈಯ ತೂಕ 27 ಕೆಜಿ. ಖರ್ಚು 17,800 ರೂಪಾಯಿ. ಅದರಲ್ಲಿ ಷಾಸಿ ರಿಪೇರಿ 4,000, ಲೇತು ಮತ್ತು ಬೇರಿಂಗು 3,200. ಡೋರಿನ ತಗಡು ಸರಿಮಾಡಿಸಿದ್ದು ಬೇರೆ. ರೆಡ್ ಆಕ್ಸೈಡ್ ಬಳಿದು ಮೇಲೆ ಕಪ್ಪು ಪೇಂಟು ಹೊಡೆದಿದ್ದೇವೆ. ಪೌಡರ್ ಕೋಟಿಂಗ್ ಮಾಡಿಸಿಲ್ಲ. ಅದು ಕಲ್ಲು ತಾಗಿ ಒಂದು ಕಡೆ ಎದ್ದರೆ ಒಳಗೊಳಗೇ ತುಕ್ಕು ಹಬ್ಬುತ್ತದೆ. ಪೇಂಟು ಆದರೆ ಭಾನುವಾರ ಬ್ರಶ್ಶು ಹಿಡಿದು ನಾನೇ ಬಳಿಯಬಹುದು.

ಮೊದಲ ವಾರದಲ್ಲೇ ಒಂದು ಪಾಠ ಆಯಿತು. ಕೆಲಸದವರ ಲೈನ್ ಮನೆಯ ಪಕ್ಕದ ಇಳಿಜಾರಿನಲ್ಲಿ ಜೀಪು ನಿಲ್ಲಿಸಿ, ಕೈ ತೆರೆದು, ಡೋರು ಇಳಿಸಿ, ಗೊಬ್ಬರದ ಚೀಲ ಎಳೆಯುತ್ತಿದ್ದೆ. ಟೇಪರ್ ಬೇರಿಂಗು ಎಷ್ಟು ನುಣ್ಣಗೆ ತಿರುಗುತ್ತದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ಅದೇ ನುಣುಪಿನಲ್ಲಿ ಸ್ಟೆಪ್ನಿ ಸದ್ದಿಲ್ಲದೆ ಬಂದು ನನ್ನ ಸೊಂಟಕ್ಕೆ ಗುದ್ದಿತು. ಎಡಗಡೆ ತಗ್ಗಿದ್ದ ಕಾರಣ ಕೈ ತಾನಾಗಿ ಮುಚ್ಚಲು ಹೊರಟಿತ್ತು. ಚೀಲ ನಡುವೆ ಇದ್ದದ್ದಕ್ಕೆ ಬಚಾವಾದೆ. ಬೆರಳು ಡೋರಿನ ಅಂಚಿನಲ್ಲಿ ಇದ್ದಿದ್ದರೆ ಇದನ್ನು ಟೈಪ್ ಮಾಡಲು ಆಗುತ್ತಿರಲಿಲ್ಲ. ಮರುದಿನವೇ ಹೋಗಿ, ಕೈ ಪೂರ್ತಿ ತೆರೆದಾಗ ಮೇಲಿಂದ ಬೀಳುವ ಒಂದು ಪಿನ್ನು ಮಾಡಿಸಿದೆ. ಬಂಪರಿನ ಮೇಲೆ ಒಂದು ತೂತು, ಕೈಗೆ ಒಂದು ಕಿವಿ, ಅಷ್ಟೇ. ನೀವು ಮಾಡಿಸುವುದಾದರೆ ಮೊದಲೇ ಕೇಳಿ ಹಾಕಿಸಿಕೊಳ್ಳಿ, ಸೊಂಟ ಕೊಟ್ಟು ಕಲಿಯಬೇಡಿ.

ಕ್ಯಾನಿನ ಗೂಡು ಮಾಡಿಸಲಿಲ್ಲ. ಎಲ್‌ಇಡಿ ಲೈಟೂ ಇಲ್ಲ. ಎಳೆಯುವ ಹಳೇ ಹುಕ್ಕು ಷಾಸಿಯ ಮೇಲೆ ಇದ್ದಲ್ಲೇ ಇದೆ, ಚಾನಲ್‌ನಲ್ಲಿ ಅದಕ್ಕೆ ಕಿಂಡಿ ಬಿಟ್ಟಿದ್ದೇವೆ. ಭಾವನಿಗೆ ಫೋಟೋ ಕಳಿಸಿದೆ. "ಇಷ್ಟೇನಾ?" ಅಂದರು.

ಅಪ್ಪ ಮಾತ್ರ ಈಗ ದಿನಾ ಸಂಜೆ ಕಣದಲ್ಲಿ ಕೈ ತೆರೆದು, ಪಿನ್ನು ಬಿತ್ತಾ ಅಂತ ಎರಡು ಸಲ ಅಲ್ಲಾಡಿಸಿ ನೋಡಿ, ಡೋರು ಇಳಿಸಿ ಅದರ ಮೇಲೆ ಕೂರುತ್ತಾರೆ. ಸ್ಟೆಪ್ನಿ ಹೊತ್ತಿದ್ದಾಗ ಆ ಡೋರು ಇಳಿಸಲು ಇಬ್ಬರು ಬೇಕಿತ್ತು. ಈಗ ಎಪ್ಪತ್ತಾರರ ಅಪ್ಪನಿಗೆ ಒಂದು ಕೈ ಸಾಕು. ನಿನ್ನೆ ಅಲ್ಲಿ ಕೂತೇ ಹೇಳಿದರು, 30ರ ಸ್ಪೀಡಿನಲ್ಲಿ ಹಿಂದಿನಿಂದ ಟಿಕ್ ಟಿಕ್ ಅಂತ ಒಂದು ಸದ್ದು ಬರುತ್ತಿದೆಯಂತೆ. ನನಗೆ ಕೇಳಿಸಿಲ್ಲ. ಭಾನುವಾರ ಲೋಟದ ಟೋಪಿ ತೆಗೆದು ಬೇರಿಂಗಿನ ನಟ್ಟು ಕಾಲು ಸುತ್ತು ಬಿಗಿ ಮಾಡಿ ನೋಡಬೇಕು, ಅಮ್ಮ ದೇವಸ್ಥಾನಕ್ಕೆ ಹೋದ ಮೇಲೆ.